ಒಂದು ಹರಳು, ಹದಿನಾಲ್ಕು ಹರಳು

"ಅಕ್ಕಾರ, ಈ ಉಂಗುರ ಹಾಕ್ಕೊಂಡ ಹಿಟ್ಟು ನಾದ್ತೀರೇನ್ರಿ?"

ಸಿಂದಗಿಯ ಬಂಗಾರದಂಗಡಿಯ ಮಾಲೀಕರು ಹೀಗೆ ಕೇಳಿದಾಗ ನಾನು ನಕ್ಕುಬಿಟ್ಟೆ. ನಾದದೆ ಮತ್ತೇನು? ರೊಟ್ಟಿ ತಾವಾಗಿಯೇ ಬಡಿದುಕೊಳ್ಳುತ್ತವೆಯೇ? ಭಾಂಡಿಯನ್ನೂ ತಿಕ್ಕುತ್ತೇನೆ ಎಂದೆ. ಅವರು ನಗಲಿಲ್ಲ. ಎದ್ದುಹೋಗಿ ಅಂಗಡಿಯ ಗಾಜಿನ ಬಾಗಿಲು ಮುಚ್ಚಿ ಬಂದರು.

ನಾನು ಹೋಗಿದ್ದು ಬಿಗಿಯಾದ ಉಂಗುರವನ್ನು ಸಡಿಲ ಮಾಡಿಸಲು. (ಬೆರಳು ದಪ್ಪವಾಗಿದೆ. ಉಳಿದದ್ದನ್ನು ಕೇಳಬೇಡಿ.) ಒಂದೇ ಒಂದು ವಜ್ರದ ಹರಳಿರುವ, ಅವ್ವನ ಉಂಗುರ ಅದು.

ಹತ್ತು ವರ್ಷದ ಹಿಂದೆ ನಾಲತವಾಡದ ತವರಿನಲ್ಲಿ ಅವ್ವ ತನ್ನ ಒಡವೆಗಳನ್ನು ನನಗೂ ತಂಗಿ ಸುಮಂಗಲಾಗೂ ಪಾಲು ಹಾಕಿದಳು. ನಮ್ಮ ಕಡೆ ಪಾಲೆಂದರೆ ತೂಕ. ಬಂಗಾರದ ಕೆಲಸದ ಪತ್ತಾರನನ್ನು ಮನೆಗೇ ಕರೆಸಿ, ಜಮಖಾನೆ ಹಾಸಿ ಕೂರಿಸಿ, ಎಲ್ಲರೆದುರು ತೂಗಿಸುವುದು. ಕೊನೆಗೆ ಉಳಿದದ್ದು ಈ ಉಂಗುರ, ಮತ್ತು ಕಿವಿಗೆ ಏಳೇಳು ವಜ್ರದ ಹರಳಿರುವ ಒಂದು ಜೋಡಿ ಬೆಂಡೋಲೆ. ಬೆಂಡೋಲೆ ಉಂಗುರದ ಎರಡರಷ್ಟು ತೂಗಿತು. ಅವ್ವ ಪೇಚಿಗೆ ಬಿದ್ದಳು. ಹಿರಿಯಳಾದ ನಾನೇ "ಅಕಿ ಸಣ್ಣಾಕಿ, ಬೆಂಡೋಲಿ ಅಕಿಗೇ ಇರಲಿ" ಎಂದೆ.

ಅಂದಿನಿಂದ ನಾನು ತ್ಯಾಗಮಯಿ. ಮುದ್ದೇಬಿಹಾಳದ ಅವಳ ಮನೆಯಲ್ಲಿ, ಬಸವನ ಬಾಗೇವಾಡಿಯ ಬೀಗರ ಮುಂದೆ, ಇಂಡಿಯ ಚಿಗವ್ವನ ಪಡಸಾಲೆಯಲ್ಲಿ, ಎಲ್ಲೆಲ್ಲಿ ಅವಳು ಬೆಂಡೋಲೆ ಹಾಕಿಕೊಂಡು ಬಂದಳೋ ಅಲ್ಲೆಲ್ಲ ನಾನು ಈ ಕಥೆ ಹೇಳಿದ್ದೇನೆ. (ಈ ಅಂಕಣದಲ್ಲೂ ಒಮ್ಮೆ ಬರೆದ ನೆನಪು. ಹೊಟ್ಟೆಗೆ ಹಾಕಿಕೊಳ್ಳಿ.)

ಮಾಲೀಕರು ನನ್ನನ್ನು ಕೇಳಿ ಹರಳು ಬಿಚ್ಚಿದರು. ಪುಟ್ಟ ತಕ್ಕಡಿಯಲ್ಲಿ ತೂಗಿದರು. ಒಂದು ಕ್ಯಾರೆಟ್ಟಿಗೆ ತುಸು ಮೇಲೆ. ಕ್ಯಾರೆಟ್ ಅಂದರೆ ಎಷ್ಟು ಗೊತ್ತೇ? ಗ್ರಾಮಿನ ಐದನೇ ಒಂದು ಪಾಲು. ಹೆಚ್ಚೆಂದರೆ ಎರಡು ತೊಗರಿ ಕಾಳಿನ ಭಾರ.

ಮೊಬೈಲಿನಲ್ಲಿದ್ದ ಬೆಂಡೋಲೆಯ ಫೋಟೋ ತೋರಿಸಿದೆ. ಹದಿನಾಲ್ಕೂ ಹರಳು ಕೂಡಿದರೆ ಅಂದಾಜು ಇಷ್ಟೇ ತೂಗುತ್ತವೆ ಎಂದರು.

"ಹಂಗಾದ್ರ ಎರಡೂ ಸಮ ಆತಲ್ರಿ?"

"ಎಲ್ಲಿ ಸಮ ಅಕ್ಕಾರ? ಈ ಒಂದು ಹರಳಿನ ರೊಕ್ಕದಾಗ ನಾಲ್ಕು ಜೋಡಿ ಬೆಂಡೋಲಿಗೆ ಆಗೂವಷ್ಟು ಹರಳು ಬರ್ತಾವು."

ನನಗೆ ಗೊತ್ತಿದ್ದ ತೊಗರಿಯ ಲೆಕ್ಕವನ್ನೇ ಕೇಳಿದೆ. ತೊಗರಿಯನ್ನು ಒಂದು ಚೀಲಕ್ಕೆ ತುಂಬಿದರೂ ಹತ್ತು ಚೀಲಕ್ಕೆ ಸುರುವಿದರೂ ನಮ್ಮ ಸಿಂದಗಿ ಪೇಟೆಯಲ್ಲಿ ಕ್ವಿಂಟಲ್ ದರ ಒಂದೇ ಅಲ್ಲವೇ?

"ವಜ್ರ ತೊಗರಿ ಅಲ್ರಿ. ಸಣ್ಣ ಹರಳು ಬೇಕಾದಷ್ಟು ಸಿಗ್ತಾವು. ದೊಡ್ಡದು, ಬೆಳ್ಳಗಿದ್ದದ್ದು, ಒಳಗ ಸ್ವಚ್ಛ ಇದ್ದದ್ದು ಅಪರೂಪ. ಹರಳು ದೊಡ್ಡದಾದಂಗ ಕ್ಯಾರೆಟ್ಟಿನ ದರಾನೇ ಏರ್ತೈತಿ. ಇದೇ ಹರಳು ಒಂದು ಕ್ಯಾರೆಟ್ಟಿಗೆ ಕೂದಲೆಳಿಯಷ್ಟು ಕಮ್ಮಿ ಇದ್ದಿದ್ರ, ದರ ಒಂದ್ ಮೆಟ್ಟಲಾ ಕೆಳಗ ಇಳೀತಿತ್ತು."

ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟರು. ನೋಡಿದೆ. ಹತ್ತು ವರ್ಷ ನಾನು ಹಿಟ್ಟಿನಲ್ಲಿ ಮುಳುಗಿಸಿದ ಹರಳಿನೊಳಗೆ ಬೆಳಕು ಹೊಕ್ಕು, ಗೋಡೆಯಿಂದ ಗೋಡೆಗೆ ಬಡಿದು, ಏನೇನೋ ಬಣ್ಣವಾಗಿ ಹೊರಗೆ ಬರುತ್ತಿತ್ತು. ಮೂಲೆಯಲ್ಲೊಂದು ಚುಕ್ಕೆ. ಬರಿಗಣ್ಣಿಗೆ ಕಾಣುವುದೇ ಇಲ್ಲ. ಅದೊಂದು ಇರದಿದ್ದರೆ ದರ ಇನ್ನೂ ಮೇಲಿತ್ತಂತೆ. ಕಾಣದ ಚುಕ್ಕೆಗೂ ಬೆಲೆ ಕಟ್ಟುತ್ತಾರಲ್ಲ, ಎಂಥ ಲೋಕವಿದು ಎಂದು ಬಾಯಿ ತೆರೆದುಕೊಂಡೇ ಕೂತಿದ್ದೆ.

ಬೆರಗು ಇಳಿದ ಮೇಲೆ ಪಾಲಿನ ಲೆಕ್ಕ ಹಾಕಿದೆ. ಅಂದರೆ ದೊಡ್ಡ ಪಾಲು ನುಂಗಿದವಳು ನಾನೇ. ತಂಗಿಗೆ ಹೇಳುವುದೋ ಬೇಡವೋ? ಹೇಳಿದರೆ ಅವಳ ಕಣ್ಣಿನಲ್ಲಿ ನಾನು ಏನಾಗುತ್ತೇನೆ? ಹೇಳದಿದ್ದರೆ ಯಾರಿಗೆ ತಾನೇ ಗೊತ್ತಾಗುತ್ತದೆ? ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಫೋನ್ ಮಾಡಿ ಎಲ್ಲವನ್ನೂ ಒದರಿಬಿಟ್ಟೆ. "ಉಂಗುರ ನೀ ತಗೋ, ಬೆಂಡೋಲಿ ನನಗ ಕೊಡು" ಎಂದೆ.

"ಅದು ನನಗ ಗೊತ್ತಿತ್ತಕ್ಕಾ."

"ಯಾವಾಗಿಂದ?"

"ಪಾಲಾದ ವರ್ಷದಿಂದನ. ಬೆಂಡೋಲಿದೊಂದು ಹರಳು ಅಳ್ಳಾಡಾಕತ್ತಿತ್ತು. ಗಟ್ಟಿ ಮಾಡಸಾಕ ವಿಜಯಪುರಕ್ಕ ಹೋಗಿದ್ದೆ. ಇಷ್ಟ ತೂಕದ್ದು ಒಂಟಿ ಹರಳಿದ್ದಿದ್ರ ಬಾಳ ಬೆಲಿ ಅಂತ ಅಂಗಡಿಯಾವ್ರು ಹೇಳಿದ್ರು. ಆಗನ ನಿನ್ನ ಉಂಗುರ ನೆನಪಾತು."

"ಮತ್ತ ನನಗ್ಯಾಕ ಹೇಳಲಿಲ್ಲ?"

"ತಂಗಿಗೆ ಬಿಟ್ಟುಕೊಟ್ಟೇನಿ ಅಂತ ಎಲ್ಲಾರ ಮುಂದ ಹೇಳುವಾಗ ನಿನ್ನ ಮುಖ ಎಷ್ಟ್ ಅರಳತಿತ್ತು. ಅದನ್ಯಾಕ ಕಸಗೋಲಿ ಅಂತ ಸುಮ್ಮನಾದೆ. ಉಂಗುರ ನಿನ್ನ ಕೈಯಾಗ ಚಲೋ ಕಾಣ್ತೈತಿ. ಇರ್ಲಿ ಬಿಡು."

ಹತ್ತು ವರ್ಷ, ನಾನು ಆ ಕಥೆ ಹೇಳಿದಾಗಲೆಲ್ಲ "ಹೌದ್ರಿ, ನಮ್ಮಕ್ಕಂದು ದೊಡ್ಡ ಮನಸು" ಎಂದು ತಲೆಯಾಡಿಸಿದ್ದಾಳೆ. ಈಗ ನೀವೇ ಹೇಳಿ, ನಮ್ಮಿಬ್ಬರಲ್ಲಿ ಬಿಟ್ಟುಕೊಟ್ಟವರು ಯಾರು?