ತಿದಿ ಒತ್ತುವವನ ಬಟ್ಟೆ

ಒಮಾನಿನ ಅಲ್ ಮಬೇಲಾದ ನಮ್ಮ ಬೀದಿಯಲ್ಲಿ ಟಯರ್ ಅಂಗಡಿಗೂ ಮಲಬಾರಿ ಹೋಟೆಲಿಗೂ ನಡುವೆ ಬಶೀರ್ ಅವರ ದರ್ಜಿ ಅಂಗಡಿಯಿದೆ. ಅದರ ಹಿಂದಿನ ಕೋಣೆಯಲ್ಲಿ ಕೂತು ಹೊಲಿಯುವವರು ಉಮಾವತಿ. ಊರು ಮುಲ್ಕಿಯ ಹತ್ತಿರ. ಗಂಡನ ವೀಸಾದಲ್ಲಿ ಬಂದವರು, ಗಂಡ ಹೋದ ಮೇಲೆ ಬಶೀರ್ ಅವರೇ ವೀಸಾದ ಹೊಣೆ ಹೊತ್ತ ಕಫೀಲ್‌ನ ಹತ್ತಿರ ಮಾತಾಡಿ ಅಂಗಡಿಯ ವೀಸಾ ಮಾಡಿಸಿಕೊಟ್ಟಿದ್ದರಿಂದ ಇಲ್ಲೇ ಉಳಿದರು. ಮಗಳು ಪ್ರಣೀತಾ ಇಲ್ಲಿಯ ಶಾಲೆಯಲ್ಲೇ ಕಲಿತು, ಈಗ ದೂರದ ದುಕ್ಮ್‌ನ ಒಂದು ಕಂಪನಿಯ ಆಫೀಸಿನಲ್ಲಿದ್ದಾಳೆ.

ಗಂಡ ಕೊಗ್ಗ ರೂವಿಯ ಒಂದು ಚಿನ್ನದ ಕಾರ್ಖಾನೆಯಲ್ಲಿ ಪಾಲಿಶ್ ಕೆಲಸ ಮಾಡುತ್ತಿದ್ದರು. ಒಡವೆಗೆ ಹೊಳಪು ಕೊಡುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಹುಡಿ ಗಾಳಿಯಲ್ಲಿ ಏಳುತ್ತದೆ. ಹಾಗಾಗಿ ಅಲ್ಲಿ ಒಳಗೆ ಹಾಕುವ ಬಟ್ಟೆ ಬೇರೆ, ಹೊರಗಿನದು ಬೇರೆ. ಹೊರಡುವಾಗ ಕೈಕಾಲು ತೊಳೆದ ನೀರನ್ನೂ ಒಂದು ಟಾಂಕಿಯಲ್ಲಿ ಹಿಡಿದಿಡುತ್ತಾರೆ. ಬಾಗಿಲಲ್ಲಿ ನಿಂತವನು ಕೂದಲು, ಕಿವಿ, ಉಗುರು ಎಲ್ಲ ನೋಡಿ ಬಿಡುತ್ತಾನೆ. ಕೊಗ್ಗ ಇದನ್ನೆಲ್ಲ ತಮಾಷೆಯಾಗಿ ಹೇಳುತ್ತಿದ್ದರು. ಒಂದು ದಿನ ಮೆಷಿನಿನ ಮುಂದೆಯೇ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆಯ ಶವಾಗಾರದಲ್ಲಿ ಉಮಾವತಿ ನೋಡಿದಾಗ ಅವರ ಮೈಮೇಲೆ ಇದ್ದದ್ದು ಯಾರದೋ ನೀಲಿ ಅಂಗಿ.

ಆ ಅಂಗಿ ಅವರನ್ನು ಬಹಳ ಕಾಲ ಕಾಡಿತು. ಕೊನೆಗೆ ಜತೆಗೆ ಕೆಲಸ ಮಾಡುತ್ತಿದ್ದ ಆಲ್ಫ್ರೆಡ್ ಊರಿಗೆ ಹೋಗುವ ಮುಂಚೆ ಬಂದು, ತಲೆ ತಗ್ಗಿಸಿಕೊಂಡೇ ಹೇಳಿದರು: "ಬಾಯಿ, ನಿಮಗೆ ಹೇಳದೆ ಹೋದ್ರೆ ನನಗೆ ಸಮಾಧಾನ ಇಲ್ಲ. ಕೊಗ್ಗಣ್ಣನನ್ನು ಆಂಬ್ಯುಲೆನ್ಸಿಗೆ ಹಾಕುವ ಮೊದ್ಲು ಸೂಪರ್‌ವೈಸರ್ ಚೆಕ್ ಮಾಡಿದ್ದು. ಒಳಗಿನ ಬಟ್ಟೆ ಹೊರಗೆ ಹೋಗ್ಬಾರ್ದಲ್ಲ, ಅದನ್ನು ತೆಗೆದ. ಮುಷ್ಟಿ ಗಟ್ಟಿಯಾಗಿತ್ತು. ಬೆರಳು ಒಂದೊಂದೇ ಬಿಡಿಸಿ ನೋಡಿದ."

"ಎಂತ ಇತ್ತು?" ಎಂದು ಉಮಾವತಿ ಕೇಳಿದ್ದರು.

"ಎಂತದೂ ಇರ್ಲಿಲ್ಲ."

"ಅವರ ಆ ಬಟ್ಟೆ?"

"ಹಳೇ ಬಟ್ಟೆ ಎಲ್ಲ ಸುಡ್ತಾರೆ ಬಾಯಿ. ಬೂದಿಯಿಂದ ಚಿನ್ನ ತೆಗೀತಾರೆ."

ಇದಾಗಿ ಕೆಲವು ವರ್ಷ ಕಳೆದಿತ್ತು. ಬಶೀರ್ ಅವರ ಮಗಳು ಮುಫೀದಾ ಖುರುಮ್‌ನಲ್ಲಿ ಒಂದು ಖಾಸಗಿ ಮ್ಯೂಸಿಯಮ್ಮಿನ ಕೆಲಸಕ್ಕೆ ಸೇರಿದ್ದಳು. ಮ್ಯೂಸಿಯಮ್ಮಿನ ಯಜಮಾನರು, ಕೆಲಸದವರ ಬಾಯಲ್ಲಿ ಅರ್ಬಾಬ್, ಮುಹಮ್ಮದ್ ಎಂಬ ವಯಸ್ಸಾದ ಒಮಾನಿ. ಅವರ ಹಿರಿಯರು ಖರ್ಜೂರ, ಕುದುರೆ ತುಂಬಿಕೊಂಡು ಮಂಗಳೂರಿನ ಕಡೆಗೆ ಹಡಗು ಬಿಡುತ್ತಿದ್ದವರು, ಬರುವಾಗ ಅಕ್ಕಿ ತರುತ್ತಿದ್ದವರು. ಹಾಗೆ ಮನೆಗೆ ಬಂದ ಹಳೆಯ ನಾಣ್ಯಗಳ ಒಂದು ಪೆಟ್ಟಿಗೆ ಅವರಲ್ಲಿತ್ತು. ಅವು ಹುಟ್ಟಿದ ಜಾಗವನ್ನೇ ಜನರಿಗೆ ತೋರಿಸಬೇಕೆಂದು, ಇನ್ನೂರೈವತ್ತು ವರ್ಷದ ಹಿಂದಿನ ನಮ್ಮ ಕರಾವಳಿಯ ಒಂದು ಕಮ್ಮಟವನ್ನು, ಅಂದರೆ ನಾಣ್ಯ ಅಚ್ಚು ಹಾಕುವ ಸರಕಾರಿ ಟಂಕಸಾಲೆಯನ್ನು, ಒಂದು ದೊಡ್ಡ ಕೋಣೆಯಲ್ಲಿ ಕಟ್ಟಿಸಿದರು. ಅದರಲ್ಲಿ ನಿಲ್ಲಿಸಲು ಆಳೆತ್ತರದ ಗೊಂಬೆಗಳನ್ನು ಹೊರದೇಶದಿಂದ ತರಿಸಿದರು.

"ಉಮಕ್ಕ, ಗೊಂಬೆಗಳಿಗೆ ಹಳೇ ಕಾಲದ ಬಟ್ಟೆ ಹೊಲೀಲಿಕ್ಕೆ ಆಗ್ತದಾ?" ಎಂದು ಮುಫೀದಾ ಕೇಳಿದ್ದು ಅಂಗಡಿಯಲ್ಲಿ ಚಾ ಕುಡಿಯುವಾಗ.

"ಅದಕ್ಕೆಂತ, ಆಗ್ತದೆ. ಕಿಸೆ ಯಾವ ಕಡೆ ಇಡ್ಲಿ?"

"ಕಿಸೆ ಬೇಡ. ಮಡಿಕೆಯೂ ಬೇಡ, ಅಂಚು ಮಡಚಿ ಹೊಲಿಯುವುದೂ ಬೇಡ. ಕಮ್ಮಟದವರ ಬಟ್ಟೆಯಲ್ಲಿ ಬೆಳ್ಳಿ ಅಡಗಿಸ್ಲಿಕ್ಕೆ ಜಾಗ ಇರ್ಬಾರ್ದಂತ ಆಗ ರೂಲ್ಸ್ ಇತ್ತಂತೆ. ಅರ್ಬಾಬ್‌ಗೆ ಎಲ್ಲ ಕರೆಕ್ಟ್ ಇರ್ಬೇಕು."

ಉಮಾವತಿ ಚಾ ಲೋಟ ಕೆಳಗಿಟ್ಟು, "ಆಯ್ತು, ಅಳತೆಗೆ ನಾನೇ ಬರ್ತೇನೆ" ಎಂದರು.

ಗೊಂಬೆಗಳು ಐದು. ನಿಲುವಂಗಿ, ಮುಂಡಾಸು ತೊಡಬೇಕಾದ ಪಾರುಪತ್ಯಗಾರ, ಬೆಳ್ಳಿಯ ಶುದ್ಧ ನೋಡುವ ನೋಟಗಾರ, ಅಚ್ಚು ಕೊರೆಯುವವ, ಸುತ್ತಿಗೆ ಎತ್ತಿದವ, ಕುಲುಮೆಯ ಪಕ್ಕದಲ್ಲಿ ಬಗ್ಗಿ ತಿದಿ ಒತ್ತುವವ. ಆ ತಿದಿಯವನ ಮುಖದಲ್ಲಿ ಕೊಗ್ಗರ ಹೋಲಿಕೆ ಒಂದಿಷ್ಟೂ ಇರಲಿಲ್ಲ. ಆದರೂ ಅವನ ಅಳತೆ ತೆಗೆಯುವಾಗ ಮಾತ್ರ ತನಗೆ ಟೇಪು ಜಾರುತ್ತಿತ್ತು ಎಂದು ಉಮಾವತಿ ಹೇಳುತ್ತಾರೆ.

ಕಮ್ಮಟ ನಡೆಯುತ್ತಿದ್ದ ರೀತಿಯನ್ನು ಗೋಡೆಯ ಫಲಕದಲ್ಲಿ ಅರಬಿ, ಇಂಗ್ಲಿಷಿನಲ್ಲಿ ಬರೆಸಿದ್ದರು. ಮುಫೀದಾ ಅದನ್ನು ಕನ್ನಡದಲ್ಲಿ ವಿವರಿಸಿದಳು. ದೊರೆ ತನ್ನ ಬೊಕ್ಕಸದಿಂದ ಕಮ್ಮಟಕ್ಕೆ ಏನೂ ಕೊಡುತ್ತಿರಲಿಲ್ಲ. ವ್ಯಾಪಾರಿಗಳು ಬೆಳ್ಳಿ ತಂದು ನಾಣ್ಯ ಮಾಡಿಸಿಕೊಂಡು ಹೋಗುತ್ತಿದ್ದರು. ಅದರಲ್ಲಿ ದೊರೆಯ ಪಾಲು ಮೊದಲು. ಉಳಿದದ್ದರಲ್ಲಿ ಇದ್ದಿಲು, ಬೆಳ್ಳಿ ಕರಗಿಸುವ ಮೂಸೆಗಳ ಖರ್ಚು, ಎಲ್ಲಕ್ಕಿಂತ ಕೊನೆಗೆ ಆಳುಗಳ ಸಂಬಳ. ಬೆಂಕಿಯಲ್ಲಿ ಸ್ವಲ್ಪ ಬೆಳ್ಳಿ ಹಾಳಾಗುತ್ತದೆಂದು ತೇಮಾನು ಬಿಡುತ್ತಿದ್ದರು. ತೇಮಾನು ಹೆಚ್ಚಾದರೆ ಅದು ಪಾರುಪತ್ಯಗಾರನದೂ ಸೇರಿ ಎಲ್ಲರ ಸಂಬಳದಿಂದ ಕಡಿತ. ಆ ಭಯದಲ್ಲಿ ಪಾರುಪತ್ಯಗಾರ ದಿನಾ ಬಾಗಿಲಲ್ಲಿ ನಿಂತು ಒಬ್ಬೊಬ್ಬನ ಸೊಂಟ ಬಿಚ್ಚಿಸಿ ನೋಡುತ್ತಿದ್ದ.

"ಇಲ್ಲಿ ಯಾರನ್ನಾದ್ರೂ ಹಿಡಿದದ್ದು ಬರೆದಿದ್ದಾರಾ?" ಎಂದು ಉಮಾವತಿ ಕೇಳಿದರು.

"ಅದೆಲ್ಲ ಯಾರಿಗೆ ಗೊತ್ತು ಉಮಕ್ಕ."

ಕೋಣೆ ತೆರೆದ ಮೇಲೆ ಶಾಲೆಯ ಮಕ್ಕಳು, ಪ್ರವಾಸಿಗಳು ಬಂದು ಗಾಜಿನ ಆಚೆಯಿಂದ ನೋಡಿ ಹೋಗುತ್ತಿದ್ದರು. ಒಂದು ತಿಂಗಳಾಗಿರಬಹುದು, ಮುಫೀದಾ ಫೋನ್ ಮಾಡಿ, ತಿದಿಯವನ ಬಟ್ಟೆ ಹಾಳಾಗಿದೆ, ನುಸಿ ಹಿಡಿದಿರಬೇಕು, ಬಂದು ನೋಡಿ ಎಂದಳು. ಶುಕ್ರವಾರ ಬೆಳಗ್ಗೆ ಮ್ಯೂಸಿಯಮ್ಮಿಗೆ ರಜೆ. ಉಮಾವತಿ ಹೋದರು. ಹೊರಗೆ ಕಣ್ಣು ಬಿಡಲಾಗದ ಬಿಸಿಲು. ಒಳಗೆ ಎಸಿಯ ತಣ್ಣನೆ ಗಾಳಿ. ಗಾಜಿನ ಬಾಗಿಲು ತೆಗೆದು ಒಳಗೆ ಕಾಲಿಡುತ್ತಲೇ ಮೂಗಿಗೆ ಬಡಿದದ್ದು ಹತ್ತಿ ಸುಟ್ಟ ವಾಸನೆ.

ನುಸಿ ತಿಂದದ್ದಲ್ಲ ಅದು. ಎದೆಯ ಭಾಗದಲ್ಲಿ, ತೊಡೆಯ ಮೇಲೆ, ಅಂಚು ಕಪ್ಪಾದ ಸಣ್ಣ ಸಣ್ಣ ತೂತುಗಳು. ಕಿಡಿ ಹಾರಿ ಬಿದ್ದರೆ ಆಗುವಂಥವು. ಆದರೆ ಕುಲುಮೆಯಲ್ಲಿ ಇದ್ದದ್ದು ಪ್ಲಾಸ್ಟಿಕ್ ಇದ್ದಿಲು, ಕೆಳಗೊಂದು ಕೆಂಪು ಬಲ್ಬು. ಉಮಾವತಿ ಅಂಗಿಯ ಕಂಕುಳು ಮುಟ್ಟಿದರು. ಬೆವರಿನ ಉಪ್ಪು ಕೂತು ಬಟ್ಟೆ ಹಪ್ಪಳದ ಹಾಗೆ ಬಿರುಸಾಗಿತ್ತು. ಸೊಂಟದ ಗಂಟು ಅವರು ಹಾಕಿದ್ದಾಗಿರಲಿಲ್ಲ. ಬಲಗಡೆ ಬಿಗಿದಿದ್ದರು, ಈಗ ಎಡಗಡೆ ಸಡಿಲಾಗಿ ಕಟ್ಟಿತ್ತು, ಯಾರೋ ಬಿಚ್ಚಿ ನೋಡಿ ಅವಸರದಲ್ಲಿ ಮತ್ತೆ ಸುತ್ತಿದ ಹಾಗೆ. ಉಳಿದ ಮೂವರು ಆಳುಗಳ ಗಂಟುಗಳೂ ಹಾಗೇ. ಪಾರುಪತ್ಯಗಾರನ ಬಟ್ಟೆಯಲ್ಲಿ ಮಾತ್ರ ಇಸ್ತ್ರಿಯ ಗೆರೆ ಸಹ ಹಾಗೇ ಇತ್ತು.

"ಬೀಗದ ಕೈ ಯಾರ ಹತ್ರ ಉಂಟು?"

"ನನ್ನ ಹತ್ರ ಮಾತ್ರ" ಎಂದಳು ಮುಫೀದಾ.

ಬಟ್ಟೆ ರಿಪೇರಿ ಮಾಡಿದರು. ಮತ್ತೆ ಹಾಳಾಯಿತು. ಹೊಸದು ಹೊಲಿದರು. ಅದೂ ಹಾಗೇ ಆಯಿತು. ಮುಫೀದಾ ಕ್ಯಾಮೆರಾದ ದೃಶ್ಯಗಳನ್ನು ಕೂತು ನೋಡಿದಳು. ಒಂದು ಕ್ಷಣ ಗಂಟು ಬಲಗಡೆ ಇರುತ್ತದೆ, ಮರುಕ್ಷಣ ಎಡಗಡೆ. ನಡುವೆ ಯಾರೂ ಇಲ್ಲ. ಗೊಂಬೆಗಳೂ ಮಿಸುಕಿಲ್ಲ. ಅದು ಆಗುವುದು ಮಧ್ಯಾಹ್ನ, ಲುಹರ್ ನಮಾಜಿಗೆಂದು ಎಲ್ಲರೂ ಎದ್ದು ಹೋದ ಹೊತ್ತಿನಲ್ಲಿ. ಮುಫೀದಾ ಆಮೇಲೆ ಆ ಹೊತ್ತಿಗೆ ಆ ಕಡೆ ಸುಳಿಯುವುದನ್ನು ಬಿಟ್ಟಳು.

ಆಫೀಸಿನಲ್ಲಿ ಇದನ್ನು ನಂಬದವರೂ ಇದ್ದರು. ಬಟ್ಟೆ ಹಾಳಾದಷ್ಟೂ ಲಾಭ ಹೊಲಿಯುವವಳಿಗೆ ತಾನೆ ಎಂದು ಯಾರೋ ಅಂದಿರಬೇಕು. ಮುಂದಿನ ಸಲ ಉಮಾವತಿ ಹೊರಡುವಾಗ ಬಾಗಿಲಿನ ಕಾವಲಿನವನು ಕೈ ಅಡ್ಡ ಹಿಡಿದು, ಸಂಕೋಚದಿಂದಲೇ ಹಿಂದಿಯಲ್ಲಿ, "ಸಿಸ್ಟರ್, ಬ್ಯಾಗ್ ತೋರಿಸಿ, ಆಫೀಸಿನ ಆರ್ಡರ್" ಎಂದ. ಉಮಾವತಿ ಬ್ಯಾಗಿನ ಬಾಯಿ ತೆರೆದು ಹಿಡಿದರು. ಅವನು ದಾರದ ಉಂಡೆಗಳನ್ನು ಎತ್ತಿ ನೋಡಿದ, ಸೂಜಿಯ ಡಬ್ಬಿ ಅಲುಗಿಸಿದ, ಮಡಚಿದ ಬಟ್ಟೆಯನ್ನು ಬಿಡಿಸಿದ. ಅಷ್ಟು ಹೊತ್ತೂ ತನ್ನ ಇನ್ನೊಂದು ಕೈ ಮುಷ್ಟಿಯಾಗಿತ್ತು ಎಂದು ಅವರಿಗೆ ಗೊತ್ತಾದದ್ದು ಬಸ್ಸಿನಲ್ಲಿ ಕೂತ ಮೇಲೆ.

ತಿದಿಯವನಿಗೆ ಮುಂದಿನ ಬಟ್ಟೆ ಹೊಲಿಯುವಾಗ ಅವರು ಸೊಂಟದ ಪಟ್ಟಿಯ ಒಳಗಡೆ ಒಂದು ಕಿಸೆ ಇಟ್ಟರು. ಬೆರಳು ಹೋಗುವಷ್ಟು ಸಣ್ಣದು, ಹೊರಗಿನಿಂದ ಹೊಲಿಗೆ ಕಾಣದ ಹಾಗೆ. ಯಾಕೆ ಎಂದು ನಾನು ಕೇಳಿದ್ದೆ. "ಅಷ್ಟು ಸಲ ಹುಡುಕಿದ ಮೇಲೆ ಅವನ ಹತ್ರ ಏನಾದ್ರೂ ಒಂದು ಇರ್ಲಿ ಅಂತ ಕಂಡಿತು" ಎಂದರು. ಮುಫೀದಾಗೂ ಹೇಳಲಿಲ್ಲ.

ಅದಾಗಿ ವಾರವಾಗಿರಲಿಲ್ಲ, ಮುಫೀದಾಳ ಫೋನು ಬಂತು. ಮಾತಿಗೆ ಮೊದಲು ಅವಳ ಉಸಿರು ಕೇಳಿಸಿತು.

"ಉಮಕ್ಕ, ಒಮ್ಮೆ ಬನ್ನಿ. ಅರ್ಬಾಬ್ ಕೂಡ ಬಂದಿದ್ದಾರೆ. ಯಾರೂ ಒಳಗೆ ಹೋಗ್ಲಿಲ್ಲ."

ಉಮಾವತಿ ಗಾಜಿನ ಬಾಗಿಲ ಹತ್ತಿರ ಬರುವಾಗ ಮುಹಮ್ಮದ್ ಅವರು ಗೋಡೆಗೆ ಕೈಯಿಟ್ಟು ನಿಂತು ತುಟಿಯಲ್ಲೇ ಏನೋ ಪ್ರಾರ್ಥನೆ ಓದಿಕೊಳ್ಳುತ್ತಿದ್ದರು. ಒಳಗೆ ತಿದಿಯವನು ಬರಿಮೈಯಲ್ಲಿ ಬಗ್ಗಿ ನಿಂತಿದ್ದ. ಮೈಮೇಲೆ ಒಂದು ಎಳೆಯೂ ಇರಲಿಲ್ಲ. ಕುಲುಮೆಯ ಪ್ಲಾಸ್ಟಿಕ್ ಇದ್ದಿಲಿನ ಮೇಲೆ ಬೂದಿಯ ಗುಪ್ಪೆ. ಇದ್ದಿಲು ಕರಗಿರಲಿಲ್ಲ, ಕಪ್ಪಾಗಿಯೂ ಇರಲಿಲ್ಲ. ಉಮಾವತಿ ಬಗ್ಗಿ ಬೂದಿ ಮುಟ್ಟಿ ನೋಡಿದರು. ಬೆಚ್ಚಗಿತ್ತು. ಅದನ್ನು ಯಾರೋ ಜರಡಿ ಹಿಡಿದ ಹಾಗೆ ನುಣ್ಣಗೆ ಮಾಡಿದ್ದರು.

ಪಾರುಪತ್ಯಗಾರನ ಕಾಲ ಬಳಿ, ನೆಲದ ಮೇಲೆ, ಆ ಸಣ್ಣ ಕಿಸೆ ಬಿದ್ದಿತ್ತು. ಕತ್ತರಿ ತಾಗಿರಲಿಲ್ಲ. ಹೊಲಿಗೆಯನ್ನು ಒಂದೊಂದೇ ಬಿಡಿಸಿ ತೆಗೆದಿದ್ದರು. ಅದರೊಳಗೆ ಏನೂ ಇರಲಿಲ್ಲ.

ಉಮಾವತಿ ಆ ಕಿಸೆಯನ್ನು ಕೈಗೆತ್ತಿಕೊಂಡು ಅಲ್ಲೇ ನೆಲದ ಮೇಲೆ ಕೂತರು. ಮುಫೀದಾ ಭುಜ ಹಿಡಿದಳು. ಆಗ ಅವರು ಕೊಗ್ಗರ ಮೈಮೇಲಿದ್ದ ನೀಲಿ ಅಂಗಿಯ ವಿಷಯ, ಮುಷ್ಟಿಯ ವಿಷಯ, ಬೂದಿಯ ವಿಷಯ ಎಲ್ಲ ಹೇಳಿದರು, ಅಷ್ಟು ವರ್ಷ ಮಗಳಿಗೂ ಹೇಳದೇ ಇದ್ದದ್ದನ್ನು. ಮುಫೀದಾ ಅದನ್ನು ಮೆಲ್ಲನೆ ಅರಬಿಯಲ್ಲಿ ಯಜಮಾನರಿಗೆ ತಿಳಿಸಿದಳು. ಮುಹಮ್ಮದ್ ಅವರು ನಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಉಮಾವತಿಯ ಎದುರು ಬಗ್ಗಿ, ತಮಗೆ ಬರುವ ಹಿಂದಿಯಲ್ಲಿ, "ಈಗ ಏನು ಮಾಡೋಣ, ಸಿಸ್ಟರ್?" ಎಂದು ಕೇಳಿದರು.

"ಅವನನ್ನು ಹೊರಗೆ ಬಿಡಿ. ಯಾರೂ ಮುಟ್ಟಿ ನೋಡುವುದು ಬೇಡ."

"ಖಲಾಸ್, ಆಯ್ತು" ಎಂದರು ಅವರು. "ಬಿಡೋಣ."

ಅಂಗಡಿಯಿಂದ ತಂದಿದ್ದ ಹೊಸ ಬಿಳಿ ಬಟ್ಟೆಯನ್ನು ಉಮಾವತಿ ಅವನ ಮೈಗೆ ಸುತ್ತಿದರು. ಎಲ್ಲೂ ಗಂಟು ಹಾಕಲಿಲ್ಲ. ಪೀಠದ ತಿರುಪು ಬಿಡಿಸಿ ತಿದಿಯ ಹಿಡಿಕೆಯಿಂದ ಕೈ ಬಿಡಿಸಬೇಕೆಂದಾಗ ಮುಫೀದಾ ಹಿಂದೆ ಸರಿದಳು, ಉಮಾವತಿಯೂ ಮುಟ್ಟಲಿಲ್ಲ. ಹಿಡಿಕೆಯ ಮರವನ್ನೇ ಕೊಯ್ದು, ಅದರ ತುಂಡು ಮುಷ್ಟಿಯಲ್ಲೇ ಇರುವಂತೆ ಅವನನ್ನು ಎತ್ತಿದರು. ಮುಹಮ್ಮದ್ ಅವರೇ ಕಾಲಿನ ಕಡೆ ಹಿಡಿದರು. ದೊಡ್ಡ ಬಾಗಿಲಲ್ಲಿ ಕಾವಲಿನವನು ಎದ್ದು ನಿಂತ. ಯಜಮಾನರ ಮುಖ ನೋಡಿ ಕೈ ಹಿಂದಕ್ಕೆ ಕಟ್ಟಿಕೊಂಡ.

ಮಧ್ಯಾಹ್ನದ ಬಾಂಗು ಆಗುತ್ತಿತ್ತು. ಹೊಸ್ತಿಲು ದಾಟಿ ಬಿಸಿಲಿಗೆ ಬಂದಾಗ ಏನೋ ನೆಲಕ್ಕೆ ಬಿದ್ದ ಸದ್ದಾಯಿತು. ಮರದ ತುಂಡು. ಗೊಂಬೆಯ ಮುಷ್ಟಿ ತೆರೆದುಕೊಂಡಿತ್ತು. ಬೆರಳುಗಳು ಮುರಿದಿರಲಿಲ್ಲ, ಬಿರುಕೂ ಇರಲಿಲ್ಲ, ನಿದ್ದೆಯಲ್ಲಿ ಸಡಿಲವಾದ ಕೈಯ ಹಾಗೆ ಬಿಚ್ಚಿಕೊಂಡಿದ್ದವು. ಕಾರ್ಖಾನೆಯಲ್ಲಿ ಅಚ್ಚಿಗೆ ಎರೆದು ಮಾಡಿದ ಆ ಕೈಗಳಿಗೆ ಗೆರೆಗಳಿರಲಿಲ್ಲವೆಂದು ಉಮಾವತಿಗೆ ಚೆನ್ನಾಗಿ ಗೊತ್ತು, ಅಳತೆ ತೆಗೆದ ದಿನ, ಮುಷ್ಟಿಯೊಳಗೆ ಹಿಡಿಕೆ ಸೇರಿಸುವ ಮೊದಲು, ಅಂಗೈಯನ್ನು ಇಣುಕಿ ನೋಡಿದ್ದರು. ಈಗ ತೆರೆದ ಅಂಗೈಯಲ್ಲಿ ಮಸಿ ತುಂಬಿದ ಗೆರೆಗಳಿದ್ದವು. ಮುಫೀದಾ ಕೂಡ ನೋಡಿದಳು. ಅವಳು ಇಂದಿಗೂ ಅದರ ಬಗ್ಗೆ ಮಾತಾಡುವುದಿಲ್ಲ.

ಬರ್ಕಾದಲ್ಲಿರುವ ತಮ್ಮ ಖರ್ಜೂರದ ತೋಟದ ಅಂಚಿನಲ್ಲಿ ಮುಹಮ್ಮದ್ ಅವರು ಅವನನ್ನು ಮರಳಿನಲ್ಲಿ ಹೂಳಿಸಿದರು. ಉಮಾವತಿ ಆ ದಿನ ಪ್ರಣೀತಾಗೆ ಫೋನ್ ಮಾಡಿ ಅಪ್ಪನ ಕೊನೆಯ ದಿನದ ಸಂಗತಿ ಪೂರ್ತಿ ಹೇಳಿದರು. ಯಾವಾಗಲೂ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ ಅಂದು ಕನ್ನಡದಲ್ಲೇ, "ಅಮ್ಮ, ಗುರುವಾರದ ಬಸ್ಸಿಗೆ ನಾನು ಬರ್ತೇನೆ" ಎಂದಳಂತೆ.

ಕಮ್ಮಟದಲ್ಲಿ ತಿದಿಯವನ ಜಾಗ ಖಾಲಿಯಿತ್ತು. ಮೂವರು ಆಳುಗಳ ಬಟ್ಟೆ ಆಮೇಲೆ ಹಾಳಾಗಲಿಲ್ಲ, ಗಂಟುಗಳು ಇದ್ದಲ್ಲೇ ಇದ್ದವು. ಚಳಿಗಾಲ ಬಂದಾಗ ಮುಫೀದಾ ಮತ್ತೆ ಕರೆದಳು. ಈ ಸಲ ಪಾರುಪತ್ಯಗಾರನದು. ನಿಲುವಂಗಿಯ ಕಸೆಗಳು ಬಿಚ್ಚಿದ್ದವು, ನಡುಪಟ್ಟಿ ನೆಲದ ಮೇಲಿತ್ತು, ಮುಂಡಾಸು ಸುತ್ತು ಸುತ್ತಾಗಿ ಬಿಡಿಸಿ ಹೆಗಲಿನಿಂದ ಇಳಿಬಿದ್ದಿತ್ತು. ಅವನ ಕೈಗಳು ಮೊದಲು ಹೇಗಿದ್ದವೋ ಹಾಗೇ ಇದ್ದವು. ಆದರೆ ಬರಿದಲೆಯಲ್ಲಿ, ಎದೆ ತೆರೆದುಕೊಂಡು ನಿಂತ ಅವನು ತುಂಬ ಮುದುಕನಾದಂತೆ ಕಂಡ.

"ದಿನಾ ಹೀಗೇ ಆಗ್ತದೆ" ಎಂದಳು ಮುಫೀದಾ. "ನಿಮಗೆ ಮನಸ್ಸಿಲ್ಲದಿದ್ರೆ ಬೇಡ ಉಮಕ್ಕ. ಅರ್ಬಾಬ್ ಈ ತಿಂಗಳು ಕೋಣೆ ಮುಚ್ಚಿಸ್ತಾರಂತೆ."

 ಉಮಾವತಿ ಬ್ಯಾಗು ಕೆಳಗಿಟ್ಟು, ನೆಲದ ಮೇಲಿನ ನಡುಪಟ್ಟಿಯನ್ನು ಎತ್ತಿ ಧೂಳು ಕೊಡವಿದರು.

"ಇವನೂ ಸಂಬಳಕ್ಕೆ ನಿಂತವನೇ ಅಲ್ವಾ" ಎಂದು ಹೇಳಿ, ಅವನ ಕಸೆಗಳನ್ನು ಒಂದೊಂದಾಗಿ ಕಟ್ಟತೊಡಗಿದರು.