ಅಂಕೋಲೆಯಲ್ಲಿ ರೊಟ್ಟಿ ತಟ್ಟಲು ಒಂದು ಕೈ

ಅಂಕೋಲೆಗೆ ಬಂದ ಮೂರನೇ ಬೆಳಿಗ್ಗೆ ಬುಟ್ಟಿಯಿಂದ ಒಂದು ಖಡಕ್ ರೊಟ್ಟಿ ಎತ್ತಿದೆ. ಅದು ಮುರಿಯಲಿಲ್ಲ, ಒದ್ದೆ ಅರಿವೆಯ ಹಾಗೆ ಕೈಯಿಂದ ಜೋತುಬಿದ್ದಿತು. ಬಯಲುಸೀಮೆಯ ರೋಣದ ನಮ್ಮ ಮನೆಯಲ್ಲಿ ತಿಂಗಳಾದರೂ ಗರಿಗರಿಯಾಗಿರುವ ರೊಟ್ಟಿ ಇಲ್ಲಿ ಮೂರು ದಿನಕ್ಕೇ ಮೆತ್ತಗಾಗಿತ್ತು. ಊರಿನಲ್ಲಿರುವ ನೀವು ನಂಬಲಿಕ್ಕಿಲ್ಲ. ಮಳೆಗಾಲದಲ್ಲಿ ಇಲ್ಲಿ ಡಬ್ಬಿಯಲ್ಲಿಟ್ಟ ಉಪ್ಪು ನೀರಾಗುತ್ತದೆ, ಕಡ್ಡಿ ಗೀರಿದರೆ ಹತ್ತುವುದಿಲ್ಲ, ಒಗೆದ ಸೀರೆ ನಾಲ್ಕು ದಿನವಾದರೂ ಒಣಗುವುದಿಲ್ಲ.

ನನ್ನ ಗಂಡ ಕಾರವಾರದ ಈಚೆ ನೌಕಾನೆಲೆ ಕಟ್ಟುವ ಕೆಲಸದಲ್ಲಿ, ಕಾಂಕ್ರೀಟಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಬಡಗಿ. ವಾರವಿಡೀ ಕ್ಯಾಂಪಿನಲ್ಲೇ ಇದ್ದು ರವಿವಾರ ಮಾತ್ರ ಮನೆಗೆ ಬರುತ್ತಿದ್ದರು. ಅಲ್ಲಿ ನಮ್ಮ ಕಡೆಯ ಆಳುಗಳು ಬಹಳ. ದಿನವೂ ಅನ್ನ ಉಂಡು ಬೇಸತ್ತಿದ್ದ ಅವರಿಗಾಗಿ ಮೆಸ್ಸಿನ ಗುತ್ತಿಗೆದಾರ ನನ್ನಿಂದ ರೊಟ್ಟಿ ತರಿಸಿಕೊಳ್ಳತೊಡಗಿದ. ನಸುಕಿನಲ್ಲಿ ಎದ್ದು ತಟ್ಟಿ, ಬೆಳಗಿನ ಕಾರವಾರ ಬಸ್ಸಿಗೆ ಬುಟ್ಟಿ ಹಾಕುತ್ತಿದ್ದೆ. ಇಟ್ಟುಕೊಳ್ಳಲು ಆಗದ ಊರು, ಆಯಾ ದಿನದ್ದು ಆಯಾ ದಿನವೇ ತಟ್ಟಬೇಕು. ಮನೆಯೊಡತಿ ಸುಮಿತ್ರಾಬಾಯಿಯ ಮನೆಮಾತು ಕೊಂಕಣಿ. "ನುಸ್ತೆ ಇಲ್ದೆ ಹೆಂಗೆ ಉಣ್ತ್ರಿ ನೀವು?" ಎಂದು ಆಕೆ ಕನಿಕರಿಸುತ್ತಿದ್ದಳು. ನುಸ್ತೆ ಎಂದರೆ ಮೀನು.

ಎರಡನೇ ಮಳೆಗಾಲಕ್ಕೆ ನನ್ನ ಬಲಗೈ ಮಣಿಕಟ್ಟು ಊದಿಕೊಂಡಿತು. ತಂಬಿಗೆ ಎತ್ತಿದರೂ ಪ್ರಾಣ ಹೋದಂತಾಗುತ್ತಿತ್ತು. ಎಸ್‌ಟಿಡಿ ಬೂತಿಗೆ ಹೋಗಿ ಫೋನು ಮಾಡಿ ತಂಗಿಯನ್ನು ನೆರವಿಗೆ ಕರೆದೆ. "ಆ ಮಳ್ಯಾಗ ನಾ ಒಲ್ಲೆವ್ವಾ," ಎಂದಳು. ಹುಬ್ಬಳ್ಳಿಯಲ್ಲಿ ಸಿಗುವ ರೊಟ್ಟಿ ಮಷೀನು ನನ್ನಂಥವಳಿಗೆ ದಕ್ಕುವ ಮಾತಲ್ಲ. ದಿನಪೂರ್ತಿ ಆಳಿಟ್ಟುಕೊಳ್ಳುವ ಶಕ್ತಿಯೂ ಇಲ್ಲ. ಕೇರಿಯ ಹೆಂಗಸರಿಗೆ ಅಕ್ಕಿರೊಟ್ಟಿ ಬಿಟ್ಟರೆ ಬೇರೆ ಬರುತ್ತಿರಲಿಲ್ಲ, ಕಲಿಯುವ ಪುರಸೊತ್ತೂ ಇರಲಿಲ್ಲ. ಕಡೆಗೆ ಸುಮಿತ್ರಾಬಾಯಿ ಕಾರವಾರದ ದಾರಿಯ ಹಟ್ಟಿಕೇರಿಯಿಂದ ನಾಗವೇಣಮ್ಮನನ್ನು ಕರೆಸಿದಳು. ಐವತ್ತರ ಆಸುಪಾಸು, ತುರುಬಿಗೆ ಅಬ್ಬಲಿ ಹೂವು.

"ಜೋಳದ್ದು ನಂಗೆ ಬರೂದಿಲ್ಲ. ಅಕ್ಕಿದಾದ್ರೆ ತಟ್ತೆ," ಎಂದರು.

"ಕಲಿಸ್ತೀನ್ರೀ. ಅರ್ಧ ದಿನದ ಪಗಾರ, ಮ್ಯಾಲ ಒಂದು ಊಟ. ಹೆಚ್ಚಿಗಿ ಕೊಡಾಕ ನನ್ನ ಕಡಿಂದ ಆಗಂಗಿಲ್ಲ."

"ಅಡ್ಡಿಲ್ಲ ಅಕ್ಕಾ."

ಮೊದಲ ದಿನಗಳಲ್ಲಿ ಹಿಟ್ಟು ಅವರ ಕೈಗೆ ಬಗ್ಗಲೇ ಇಲ್ಲ. ಅಂಚು ಸೀಳುತ್ತಿತ್ತು, ಎತ್ತುವಾಗ ಹರಿಯುತ್ತಿತ್ತು. ತಟ್ಟಿ ತೋರಿಸಲು ನನಗೆ ಕೈಯಿಲ್ಲ. "ನಡುವ ಬ್ಯಾಡ, ಅಂಚಿಗೆ ತಟ್ರೀ" ಎಂದು ಪಕ್ಕದಲ್ಲಿ ಕೂತು ಬಾಯಲ್ಲೇ ಹೇಳಬೇಕು. ಬಸ್ಸಿಗೆ ಬುಟ್ಟಿ ಅರ್ಧವೇ ತುಂಬುತ್ತಿತ್ತು. ಒಂದು ದಿನ ಹಂಚಿನ ಮೇಲೆ ಅವರ ರೊಟ್ಟಿ ಪೂರಿಯಂತೆ ಉಬ್ಬಿತು. ಇಬ್ಬರೂ ನಕ್ಕೆವು. ಇನ್ನು ಬದುಕಿಕೊಂಡೆ ಅಂದುಕೊಂಡೆ.

ಅದೇ ವಾರ ಅವರು ಕೇಳಿದರು, "ಇಷ್ಟೆಲ್ಲ ರೊಟ್ಟಿ ಎಲ್ಲಿಗೆ ಹೋತದೆ ಅಕ್ಕಾ?"

ನಾನು ಹೇಳಿದೆ. ತಟ್ಟುತ್ತಿದ್ದ ಕೈ ನಿಂತಿತು.

"ನಮ್ಮನೆ ಇದ್ದದ್ದು ಅಲ್ಲೇ," ಎಂದರು. ನೌಕಾನೆಲೆಗೆ ಊರು ಬಿಟ್ಟುಕೊಟ್ಟು ಎದ್ದುಹೋದ ಮನೆತನಗಳಲ್ಲಿ ಅವರದೂ ಒಂದು. ಹಟ್ಟಿಕೇರಿ ಅವರ ಊರಲ್ಲ, ತಮ್ಮನ ಊರು. ನನಗೆ ಅದು ಗೊತ್ತೇ ಇರಲಿಲ್ಲ. ಕೇಳಬೇಕೆಂದು ಹೊಳೆದೂ ಇರಲಿಲ್ಲ. ಅವರು ಎದ್ದು ಕೈ ತೊಳೆದುಕೊಂಡು ಹೊರಟುಹೋದರು.

ಎರಡು ದಿನ ಬರಲಿಲ್ಲ. ಎಡಗೈಯಲ್ಲಿ ತಟ್ಟಲು ಹೋಗಿ ಹಿಟ್ಟಿನ ಮುಂದೆ ಅಳುತ್ತ ಕೂತೆ. ನಾಳೆ ರೊಟ್ಟಿ ಬಾರದಿದ್ದರೆ ಬೇರೆಯವರನ್ನು ನೋಡುತ್ತೇನೆಂದು ಗುತ್ತಿಗೆದಾರ ಹೇಳಿಕಳಿಸಿದ. ಮೂರನೇ ದಿನ ನಾಗವೇಣಮ್ಮ ಬಾಗಿಲಲ್ಲಿ ನಿಂತಿದ್ದರು.

"ನಿಮ್ಮ ಮೇಲೆ ಸಿಟ್ಟಿಲ್ಲ. ಪಾತ್ರೆ, ಬಟ್ಟೆ ಎಂತ ಬೇಕಾರೂ ಮಾಡ್ಕೊಡ್ತೆ. ಅಲ್ಲಿಗೆ ಹೋಗೂ ರೊಟ್ಟಿ ತಟ್ಟೂಕೆ ಮಾತ್ರ ನನ್ ಕೈ ಏಳೂದಿಲ್ಲ."

"ರೊಟ್ಟಿ ತಿನ್ನೋ ಆಳುಗಳೇನು ನಿಮ್ಮ ಮನಿ ಕೆಡವಿಲ್ರೀ. ಅವರೂ ಹೊಟ್ಟಿಗಾಗಿ ಬಂದವರು."

"ಗೊತ್ತದೆ," ಎಂದರು. ಅಷ್ಟೇ.

ಆರ್ಡರು ಕೈತಪ್ಪಿತು. ರವಿವಾರ ಬಂದ ಗಂಡ "ಬ್ಯಾರೆ ಯಾರೂ ಸಿಗಲಿಲ್ಲೇನು?" ಎಂದು ಎರಡು ಸಲ ಕೇಳಿದರು. ನಾಗವೇಣಮ್ಮ ಮಾತ್ರ ದಿನಬಿಟ್ಟು ದಿನ ಬಂದು, ಬೇಡವೆಂದರೂ ನನ್ನ ತಲೆ ಬಾಚಿ ಜಡೆ ಹಾಕಿ ಹೋಗುತ್ತಿದ್ದರು. ಕೈ ನೆಟ್ಟಗಾಗದೆ ಕಾರವಾರದ ಆಸ್ಪತ್ರೆಗೆ ಹೊರಟ ದಿನ, ಹಟ್ಟಿಕೇರಿಯಲ್ಲಿ ಬಸ್ಸು ಹತ್ತಿ ನನ್ನ ಪಕ್ಕದಲ್ಲಿ ಕೂತರು.

ಮುಂದೆ ರಸ್ತೆಯ ಬದಿಗೆ ಎತ್ತರದ ಗೋಡೆ ಶುರುವಾಯಿತು. ಅದರಾಚೆ ಎಲ್ಲೋ ನನ್ನ ಗಂಡ ಹಲಗೆ ಬಡಿಯುತ್ತಿದ್ದರು. ನಾಗವೇಣಮ್ಮ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ.

"ನಮ್ಮ ಬಾವಿ ಇಲ್ಲೇ ಬರ್ಬೇಕಿತ್ತು. ಈಗ ಗುರ್ತ ಹತ್ತೂದಿಲ್ಲ," ಎಂದರು. ಗೋಡೆ ಮುಗಿದ ಮೇಲೆ ನನ್ನ ಕಡೆ ತಿರುಗಿದರು. "ನಿಮ್ಮೂರು ಇದ್ದಲ್ಲೇ ಅದೆ ಅಲ್ದಾ ಅಕ್ಕಾ? ಮತ್ತೆ ನೀವ್ಯಾಕೆ ಹೋಗೂದಿಲ್ಲ?"

"ಅಲ್ಲೇನೈತ್ರೀ..." ಎಂದು ಶುರುಮಾಡಿದವಳು ಅಲ್ಲಿಗೇ ನಿಲ್ಲಿಸಿದೆ. ಊರು ಕಳೆದುಕೊಂಡವರ ಎದುರು ಆ ಮಾತನ್ನು ಮುಗಿಸಲು ಬಾಯಿ ಬರಲಿಲ್ಲ.

ಕೈ ಪೂರ್ತಿ ಸರಿಹೋಗಲೇ ಇಲ್ಲ. ನಮ್ಮ ಕಡೆಯಿಂದ ಬಂದ ನಾಲ್ಕಾರು ಮಾಸ್ತರರ ಮನೆಗಷ್ಟೇ ಈಗ ರೊಟ್ಟಿ ಕೊಡುತ್ತೇನೆ. ರೋಣಕ್ಕೆ ಹೋದರೆ ನಾಲ್ಕನೇ ದಿನಕ್ಕೇ ತುಟಿ ಒಡೆದು, ಇಲ್ಲಿಯ ಮಳೆ ಬೇಕೆನಿಸುತ್ತದೆ. ತಿರುಗಿ ಬಂದು ಅಂಕೋಲೆಯಲ್ಲಿ ಇಳಿದ ಕೂಡಲೇ ಕೇರಿಯವರು "ಊರಿಂದ ಯಾವಾಗ ಬಂದ್ರಿ?" ಎನ್ನುತ್ತಾರೆ. ರೋಣದಲ್ಲೂ ಅವ್ವ, ತಂಗಿ ಎಲ್ಲರೂ ಬಾಗಿಲಲ್ಲೇ ಅದನ್ನೇ ಕೇಳಿರುತ್ತಾರೆ: ಊರಿಂದ ಯಾವಾಗ ಬಂದಿ?