ಹಳ್ಳದ ಬೋರ್ಡಿನ ನಾಲ್ಕನೇ ಸಾಲು

ಹೊಟ್ಟೆಕಿಚ್ಚು ಅಂತಲೇ ಅಂದ್ಕೊಳ್ಳಿ, ನಾನೇನೂ ಮುಚ್ಚಿಡಲ್ಲ. ಹಳ್ಳದ ಪಕ್ಕ ಮೂವತ್ತೊಂದು ವರ್ಷದಿಂದ ಟೈಲರ್ ಅಂಗಡಿ ಇಟ್ಟಿರೋನು ನಾನು. ಮಷೀನು ಕಿಟಕಿ ಕಡೆಗೇ ಮುಖ ಮಾಡಿ ಹಾಕ್ಕೊಂಡಿದ್ದೆ. ಕಾಲರ್ ಹೊಲಿದು ತಲೆ ಎತ್ತಿದರೆ ಕೆಸರಲ್ಲಿ ಬೆಳ್ಳಕ್ಕಿ, ಕಾಜ ಮುಗಿಸಿ ನೋಡಿದರೆ ಕೆಂಪು ಕಡ್ಡಿಕಾಲಿನ ಮೆಟ್ಟುಗಾಲು ಹಕ್ಕಿ. ಯಾವುದು ಯಾವ ತಿಂಗಳು ಬರುತ್ತೆ ಅಂತ ನಿದ್ದೆಯಲ್ಲಿ ಕೇಳಿದರೂ ಹೇಳ್ತೀನಿ. ಮೇಲ್ಗಡೆ ಬಣ್ಣದ ಕಾರ್ಖಾನೆ ಇದ್ದಿದ್ದು, ಮರದ ಸೇತುವೆ ಕೊಚ್ಚಿಹೋಗಿದ್ದು, ಎಲ್ಲ ನಮ್ಮಪ್ಪ ಕಣ್ಣಾರೆ ಕಂಡು ನನಗೆ ಹೇಳಿದ್ದು.

ಅಂಥದ್ರಲ್ಲಿ ವಕ್ಕರಿಸಿದ ನೋಡಿ ನನ್ನ ಷಡ್ಡಕ, ಹೆಂಡತಿಯ ಅಕ್ಕನ ಗಂಡ. ನೀರಿನ ಆಫೀಸಲ್ಲಿ ಗುಮಾಸ್ತನಾಗಿದ್ದು ರಿಟೈರ್ ಆಗಿ, ಹಿಂದಿನ ಬೀದಿಗೆ ಮನೆ ಬದಲಾಯಿಸಿದ. ದಿನಾ ಬಂದು ನನ್ನ ಬೆಂಚಿನ ಮೇಲೆ ಕೂತು "ಆಮೇಲೆ? ಆಮೇಲೆ?" ಅಂತ ಕೇಳೋದು, ನೋಟ್‌ಬುಕ್ಕಲ್ಲಿ ಗೀಚೋದು. ನಾನೋ, ಕೇಳೋರು ಸಿಕ್ಕರಲ್ಲ ಅಂತ ಉಬ್ಬಿಹೋಗಿ ಎಲ್ಲ ಒದರಿದೆ.

ಆರೇ ತಿಂಗಳು! ಆಸಾಮಿ ಕೊರಳಿಗೆ ದುರ್ಬೀನು ನೇತುಹಾಕ್ಕೊಂಡು ಭಾನುವಾರ ಭಾನುವಾರ ಇಪ್ಪತ್ತು ಜನರನ್ನ ದಂಡೆಯುದ್ದಕ್ಕೂ ನಡೆಸೋಕೆ ಶುರು ಮಾಡಿದ. ನನ್ನ ಕಿಟಕಿ ಎದುರೇ, ನನ್ನಪ್ಪನ ಮಾತನ್ನೇ ಹೇಳ್ತಾ. "ಭಾವನ್ನ ನೋಡಿ, ಈ ವಯಸ್ಸಲ್ಲೂ ಎಷ್ಟು ಚುರುಕು" ಅಂದಳು ನನ್ನ ಹೆಂಡತಿ. ಮೈಯೆಲ್ಲ ಉರಿದುಹೋಯ್ತು. ಅವತ್ತು ಯಾರದೋ ಪ್ಯಾಂಟಿನ ಎರಡು ಕಾಲನ್ನೂ ಸೇರಿಸಿ ಹೊಲಿದುಬಿಟ್ಟೆ.

ಅಷ್ಟರಲ್ಲಿ ಸುದ್ದಿ ಬಂತು. ಬಡಾವಣೆಯವರು ಈಗಿರೋ ಸೇತುವೆ ಹತ್ತಿರ ಹಳ್ಳದ ಕಥೆಯ ಬೋರ್ಡು ಹಾಕಿಸ್ತಾರಂತೆ, ಬರೆಯೋದು ಇವನಂತೆ. ಮುಗೀತು, ನನ್ನ ಹಳ್ಳ ಅವನ ಹೆಸರಿಗೆ ಹೋಯ್ತು. ಮಾಡ್ತೀನಿ ಇರು ಅಂದ್ಕೊಂಡೆ.

ಮಾರನೇ ದಿನ ಬೆಂಚಿಗೆ ಬಂದಾಗ ಹೇಳಿದೆ, "ಈ ಮೆಟ್ಟುಗಾಲು ಹಕ್ಕಿ ಇಲ್ಲಿಯದೇ ಅಲ್ಲ ಭಾವ. ಕಾರ್ಖಾನೆ ಸಾಹುಕಾರರು ಪಂಜರದಲ್ಲಿ ಒಂದು ಜೋಡಿ ತರಿಸಿ ಬಿಟ್ಟಿದ್ದು."

ಶುದ್ಧ ಸುಳ್ಳು. ಸುತ್ತಮುತ್ತ ಯಾವ ಕೆರೆಗೆ ಹೋದರೂ ಇರೋ ಹಕ್ಕಿ ಅದು. ಬಲ್ಲವರು ಓದಿ ಬಿದ್ದು ಬಿದ್ದು ನಗಬೇಕು, ಇವನ ಮಾನ ಬೀದಿಪಾಲಾಗಬೇಕು.

"ನಿಜವಾಗ್ಲೂ?"

"ನಮ್ಮಪ್ಪನೇ ನೋಡಿದ್ರು."

"ನಿಮ್ಮಪ್ಪ ಹೇಳಿದ್ದಾ? ಹಾಗಾದ್ರೆ ಇನ್ನೇನು" ಅಂತ ಬರ್ಕೊಂಡ.

ಬೋರ್ಡಿನ ಪರದೆ ಸರಿಸೋ ದಿನ ಇಸ್ತ್ರಿ ಶರ್ಟು ಹಾಕ್ಕೊಂಡು ತಮಾಷೆ ನೋಡೋಕೆ ಹೋದೆ. ದುರ್ಬೀನಿನವರೆಲ್ಲ ಸೇರಿದ್ದರು. ಷಡ್ಡಕ ನನ್ನ ಕೈ ಹಿಡಿದು ಮುಂದಕ್ಕೆ ಎಳ್ಕೊಂಡ. "ನೀನೇ ಓದಪ್ಪಾ, ಎಲ್ಲ ನಿಂದೇ ಅಲ್ವಾ."

ಪರದೆ ಸರೀತು. ಮೊದಲ ಸಾಲು: 'ಇದೆಲ್ಲ ಹೇಳಿದವರು ಎದುರಂಗಡಿಯ ಟೈಲರ್ ಮತ್ತು ಅವರ ತಂದೆ.' ಹುಡುಕಿದೆ, ಷಡ್ಡಕನ ಹೆಸರು ಎಲ್ಲೂ ಇರಲಿಲ್ಲ. ನಾಲ್ಕನೇ ಸಾಲಲ್ಲಿ ಪಂಜರ.

ಮೂರು ಸಾಲು ಓದಿ, ಕೆಮ್ಮೋ ನೆಪದಲ್ಲಿ ನಿಲ್ಲಿಸಿದೆ. "ಪಾಪ, ಅಪ್ಪನ ನೆನಪಾಯ್ತು" ಅಂತ ಜನರಿಗೆ ಹೇಳಿ ಅವನೇ ನೀರು ತಂದುಕೊಟ್ಟ. ಕುಡಿದೆ. ನಾಲ್ಕನೇದನ್ನೂ ಓದಿದೆ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಷಡ್ಡಕನೊಬ್ಬನೇ ಜೋರಾಗಿ ಚಪ್ಪಾಳೆ ತಟ್ಟಿದ.

ಮಾರನೇ ದಿನ ಹೊಲಿಗೆಯಿಂದ ತಲೆ ಎತ್ತಿದರೆ ಎದುರಿಗೆ ಆ ಬೋರ್ಡೇ. ಮಷೀನನ್ನ ಗೋಡೆ ಕಡೆ ತಿರುಗಿಸಿದೆ. "ಬೆಳಕಿಲ್ಲದೆ ಹೇಗ್ರೀ ಹೊಲಿತೀರಾ?" ಅಂದಳು ಹೆಂಡತಿ.